ಚಾಪೆ ಹಾಲ್‌ಗೆ ಬರುವ ಮುನ್ನ

“ಅತ್ತೆಗೆ ರಾತ್ರಿ ಎರಡು ಸಲ ನೀರು ಕೊಡಬೇಕು, ನಾನು ಹಾಲ್‌ನಲ್ಲೇ ಮಲಗ್ತೀನಿ.” ನಲವತ್ತೆಂಟರ ಗೃಹಿಣಿ ಹೀಗೆ ಹೇಳಿ ಚಾಪೆ ಹೊರಗೆ ತಂದರೆ ಮನೆಯಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ನಿಜವಾದ ಕಾರಣ ಬೇರೆಯೇ ಇರಬಹುದು. ಗಂಡನ ಜೊತೆ ಸೇರಿದಾಗಲೆಲ್ಲ ಒಳಗೆ ಗೀರಿದಂಥ ಉರಿ, ಮರುದಿನ ಮೂತ್ರಕ್ಕೆ ಹೋದರೂ ಉರಿ. ಅಕ್ಕನಿಗೋ ಗೆಳತಿಗೋ ಬಾಯಿಬಿಟ್ಟರೆ ಸಿಗುವ ಸಮಾಧಾನ ಒಂದೇ: “ವಯಸ್ಸಾಯ್ತಲ್ಲ, ಬಿಡು.”

ಈ ಮಾತೇ ಹೆಂಗಸರಿಗೆ ಮೋಸ ಮಾಡುತ್ತಿದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅದಾದ ಮೇಲೂ ದಾಂಪತ್ಯದ ಎಷ್ಟೋ ವರ್ಷಗಳು ಬಾಕಿ ಇರುತ್ತವೆ. “ವಯಸ್ಸು” ಎಂದು ಮುಚ್ಚಿಟ್ಟದ್ದರೊಳಗೆ ಹುಡುಕಿ ಹಿಡಿಯಬಹುದಾದ ಕಾರಣಗಳಿವೆ.

ಮೊದಲನೆಯದು ಈಸ್ಟ್ರೋಜನ್. ಮುಟ್ಟು ನಿಲ್ಲುವ ಹೊತ್ತಿಗೆ ಈ ಹಾರ್ಮೋನು ಇಳಿದಂತೆ ಯೋನಿಯ ಒಳಪದರ ತೆಳುವಾಗುತ್ತದೆ, ತೇವ ಆರುತ್ತದೆ, ಹಿಗ್ಗುವ ಗುಣ ಕುಗ್ಗುತ್ತದೆ. ಮೈ ಬಿಸಿಯೇರುವುದು, ಬೆವರುವುದು ಸಾಮಾನ್ಯವಾಗಿ ಕಾಲಕ್ರಮೇಣ ತಗ್ಗುತ್ತವೆ. ಈ ಶುಷ್ಕತೆ ಹಾಗಲ್ಲ, ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚುತ್ತಲೇ ಹೋಗಬಹುದು. ನೋವಿನಿಂದ ಭಯ, ಭಯದಿಂದ ಮೈ ಬಿಗಿತ, ಬಿಗಿತದಿಂದ ಮತ್ತಷ್ಟು ನೋವು. ಕೊನೆಗೆ ಆಸೆಯೇ ಸತ್ತಿತೇನೋ ಅನಿಸುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗೆ ಇದು ಇನ್ನೂ ಕಠಿಣ. ವರ್ಷಗಳಲ್ಲಿ ಆಗಬೇಕಾದ ಇಳಿತ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಯುವುದುಂಟು. ಹಾಗಾಗಿ “ಗರ್ಭಕೋಶ ತೆಗೆಸಿಬಿಡಿ” ಎಂದು ಯಾರಾದರೂ ಹೇಳಿದರೆ “ಅಂಡಾಶಯ ಉಳಿಯುತ್ತದೆಯೇ?” ಎಂದು ಕೇಳುವುದು ನಮ್ಮ ಹಕ್ಕು.

ಮಾತ್ರೆಗಳನ್ನೂ ಗಮನಿಸಬೇಕು. ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಆಸೆಯನ್ನೂ ತೃಪ್ತಿಯನ್ನೂ ಕುಗ್ಗಿಸುತ್ತವೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಲವು ಹಾರ್ಮೋನು ಔಷಧಿಗಳು ಶುಷ್ಕತೆ ಹೆಚ್ಚಿಸುತ್ತವೆ. ಹಾಗಂತ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆ, ನಿದ್ರೆಗೇಡು, ಕೆಮ್ಮಿದರೆ ಮೂತ್ರ ಹನಿಯುವ ಮುಜುಗರ, ಇವೂ ಸಾಲಿನಲ್ಲಿವೆ.

ಎಲ್ಲವೂ ದೇಹದಲ್ಲೇ ಇಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಲೊರೇನ್ ಡೆನ್ನರ್‌ಸ್ಟೈನ್ ಮತ್ತು ಸಂಗಡಿಗರು ನಡುವಯಸ್ಸಿನ 438 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದರು. ಹಾರ್ಮೋನಿನ ಪಾತ್ರ ಅಲ್ಲಿ ಕಂಡಿತು. ಆದರೆ ಅದಕ್ಕಿಂತ ಹೆಚ್ಚು ತೂಗಿದ್ದು ಮೊದಲಿನಿಂದ ಇದ್ದ ಲೈಂಗಿಕ ಬದುಕು ಮತ್ತು ಸಂಗಾತಿಯ ಮೇಲಿನ ಭಾವನೆ. ಇಪ್ಪತ್ತು ವರ್ಷ ಒಲ್ಲದ ಮನಸ್ಸಿನಿಂದ ಸಹಿಸಿದವಳಿಗೆ ಮುಟ್ಟು ನಿಂತ ಮೇಲೆ ಆಸೆ ಎಲ್ಲಿಂದ ಚಿಗುರಬೇಕು? ಗಂಡನಿಗೂ ಬಿಪಿ, ಶುಗರ್‌ನಿಂದ ತೊಂದರೆ ಇರಬಹುದು. ಆಗ ಹೆಂಡತಿಯೊಬ್ಬಳಿಗೇ ಮದ್ದು ಕೊಟ್ಟರೆ ಸಾಲದು.

ಪರಿಹಾರ ಇದೆ. ಜಾರುವಿಕೆಗೆ ಔಷಧಿ ಅಂಗಡಿಯಲ್ಲೇ ಸಿಗುವ ಜೆಲ್, ವೈದ್ಯರ ಸಲಹೆಯಂತೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಂ, ಶ್ರೋಣಿತಳದ (ಪೆಲ್ವಿಕ್ ಫ್ಲೋರ್) ಸ್ನಾಯುಗಳಿಗೆ ಫಿಸಿಯೋಥೆರಪಿ. ಕ್ಯಾನ್ಸರ್ ಚಿಕಿತ್ಸೆ ಪಡೆದವರು ಕ್ರೀಂ ಬಳಸುವ ಮುನ್ನ ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಲೇಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತಪಾಸಣೆ ಮಾಡಿಸಿಕೊಳ್ಳಬೇಕು.

ವೈದ್ಯರ ಮುಂದೆ “ಸೊಂಟನೋವು” ಎಂದು ಸುತ್ತಿ ಬಳಸಬೇಕಿಲ್ಲ. “ಸೇರುವಾಗ ನೋವಾಗುತ್ತೆ ಡಾಕ್ಟ್ರೇ” ಅಂದರೆ ಸಾಕು. ಗಂಡನಿಗೂ ಅದೇ ಮಾತು ಹೇಳಬೇಕು, ನೀವು ಬೇಡ ಅಂತಲ್ಲ, ನೋವಾಗುತ್ತೆ ಅಂತ. ಹೇಳದೆ ಚಾಪೆ ಹೊರಗೆ ಹಾಸಿದರೆ, ಒಳಗೆ ಮಲಗಿದವರಿಗೆ “ನೀವು ಬೇಡ” ಎಂಬುದೇ ಕೇಳಿಸುತ್ತದೆ.