ಯಂತ್ರ ಕೆಡುವ ಮುನ್ನ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಕಾರ್ಖಾನೆಗಳಿಗೂ ಸಲ್ಲುತ್ತದೆ. ಕೆಟ್ಟ ಯಂತ್ರವನ್ನು ಸರಿಪಡಿಸುವುದು ಒಂದು ವಿದ್ಯೆ. ಕೆಡದಂತೆ ಕಾಯುವುದು ಇನ್ನೊಂದು. ಮೊದಲನೆಯದಕ್ಕೆ ಫಿಟ್ಟರನ ಕೈಚಳಕ ಬೇಕು. ಎರಡನೆಯದಕ್ಕೆ ಮೇಲ್ವಿಚಾರಕನೇ ಶಿಕ್ಷಣ ಪಡೆಯಬೇಕು.

ಅವನು ಕಲಿಯುವುದೇನು? ಪ್ರತಿ ಯಂತ್ರಕ್ಕೂ ಒಂದು ಪುಸ್ತಕವಿಟ್ಟು, ಬೇರಿಂಗಿಗೆ ಕೀಲೆಣ್ಣೆ ಯಾವ ದಿನ ಬಿತ್ತು, ಬೆಲ್ಟು ಎಷ್ಟು ಗಂಟೆ ಓಡಿತು ಎಂದು ಬರೆಯುವುದು. ಬಿಡಿಭಾಗಗಳನ್ನು ಮುಂಚಿತವಾಗಿ ತರಿಸಿಡುವುದು. ದುರಸ್ತಿಗೆ ಮೊದಲು ವಿದ್ಯುತ್ ನಿಲ್ಲಿಸಿ ಸ್ವಿಚ್ಚಿಗೆ ಬೀಗ ಹಾಕಿಸಿ, ಬೀಗದಕೈಯನ್ನು ಯಂತ್ರದೊಳಗೆ ಕೈಯಿಡುವವನ ಕಿಸೆಯಲ್ಲೇ ಇರಿಸುವುದು.

ಜಪಾನಿನವರು ಒಂದು ಹೆಜ್ಜೆ ಮುಂದೆ ಹೋದರು. ಯಂತ್ರ ನಡೆಸುವ ಕೆಲಸಗಾರನಿಗೇ ಅದನ್ನು ಒರೆಸಲು, ಎಣ್ಣೆ ಬಿಡಲು, ಸಡಿಲವಾದ ಬೋಲ್ಟು ಬಿಗಿಯಲು ಕಲಿಸಿದರು. ದಿನವೂ ಒರೆಸುವ ಕೈಗೆ ಬಿರುಕು ಮೊದಲು ಸಿಗುತ್ತದೆ. ಈ ಕ್ರಮಕ್ಕಾಗಿ 1971ರಲ್ಲಿ ಅಲ್ಲಿಯ ನಿಪ್ಪಾನ್‌ಡೆನ್ಸೊ ಸಂಸ್ಥೆಗೆ ಬಹುಮಾನ ಬಂತು.

ಶಿಸ್ತು ತಪ್ಪಿದರೆ ಕೇಡು ಕಾರ್ಖಾನೆಯ ಗೋಡೆಯೊಳಗೇ ನಿಲ್ಲದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಅದರ ತೊಟ್ಟಿಯನ್ನು ತಂಪಾಗಿಡುವ ಯಂತ್ರ ತಿಂಗಳುಗಳಿಂದ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರ, ಕೊಳವೆಯ ದುರಸ್ತಿಗೆ ಕಾದು ನಿಂತಿತ್ತು. ಮಲಗಿದ್ದ ಊರಿನಲ್ಲಿ ಸಾವಿರಾರು ಜನ ಸತ್ತರು.

ಕಾಪಾಡುವ ಯಂತ್ರ ನಿಂತಿದೆಯೆಂಬ ವರದಿ ಬಂದರೆ, ಅದು ಸರಿಯಾಗುವವರೆಗೆ ಅಪಾಯದ ಕೆಲಸ ನಡೆಯಕೂಡದು. ಹಾಗೆಂದು ಯಜಮಾನರೆದುರು ನಿಂತು ಹೇಳುವುದೇ ಈ ಶಿಕ್ಷಣದ ಕೊನೆಯ ಪಾಠ.