ಜೀನ್‌ನಲ್ಲಲ್ಲ, ಹಾಲಿನಲ್ಲಿ!

ಅಮ್ಮನಿಂದ ಮಕ್ಕಳಿಗೆ ಏನೇನು ಬರುತ್ತೆ? ಮೂಗು, ಬಣ್ಣ, ಸಿಟ್ಟು... ಎಲ್ಲಾ ಜೀನ್ ಮಹಿಮೆ ಅಂತೀವಿ. ಆದರೆ 2020ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಡಯೇನ್ ಮ್ಯಾಥಿಸ್ ಮತ್ತು ಕ್ರಿಸ್ಟೋಫ್ ಬೆನ್ವಾ ತಂಡ ಇಲಿಗಳಲ್ಲಿ ಬೇರೆಯದೇ ದಾರಿಯೊಂದನ್ನು ತೋರಿಸಿತು.

ಮೊದಲು ಇಬ್ಬರು ಪಾತ್ರಧಾರಿಗಳ ಪರಿಚಯ ಮಾಡ್ಕೊಳ್ಳಿ. ಕರುಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ದೇಹದ ರೋಗನಿರೋಧಕ ಪಡೆ ಅವೆಲ್ಲದರ ಮೇಲೂ ಲಾಠಿ ಬೀಸ್ತಾ ಹೋದರೆ ಕರುಳೇ ಹುಣ್ಣಾಗುತ್ತೆ. ‘ಸಾಕು, ಸುಮ್ನಿರ್ರಪ್ಪಾ’ ಅಂತ ಆ ಪಡೆಯನ್ನು ತಡೆಯೋ ಜೀವಕೋಶಗಳೇ ಟಿ-ರೆಗ್. ಎರಡನೆಯದು ಐಜಿಎ ಅನ್ನೋ ಆ್ಯಂಟಿಬಾಡಿ. ಇದು ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೆತ್ತಿಕೊಳ್ಳುತ್ತೆ, ತಾಯಿಯ ಹಾಲಿನಲ್ಲೂ ಇಳಿದು ಬರುತ್ತೆ.

ಕೆಲವು ತಳಿಯ ಇಲಿಗಳ ಕರುಳಲ್ಲಿ ಒಂದು ಬಗೆಯ ಟಿ-ರೆಗ್ ಜಾಸ್ತಿ, ಕೆಲವಕ್ಕೆ ಕಮ್ಮಿ. ತಳಿ ಬೇರೆ, ಜೀನ್ ಬೇರೆ, ಲೆಕ್ಕ ಮುಗೀತು ಅನ್ಸುತ್ತೆ ಅಲ್ವಾ? ವಿಜ್ಞಾನಿಗಳು ಆಗಷ್ಟೇ ಹುಟ್ಟಿದ ಮರಿಗಳನ್ನು ತಾಯಿಯಿಂದ ತಾಯಿಗೆ ಅದಲುಬದಲು ಮಾಡಿದ್ರು. ಮರಿಗಳ ಟಿ-ರೆಗ್ ಪ್ರಮಾಣ ಹೆತ್ತ ತಾಯಿಯಂತೆ ಆಗಲಿಲ್ಲ, ಹಾಲೂಡಿಸಿದ ತಾಯಿಯಂತಾಯ್ತು! ತಡವಾಗಿ ಬದಲಿಸಿದ್ರೆ ಏನೂ ಆಗಲ್ಲ. ಹುಟ್ಟಿದ ಹೊಸತರಲ್ಲಿ ಒಮ್ಮೆ ನಿಂತ ಪ್ರಮಾಣ ಜೀವನಪೂರ್ತಿ ಹಾಗೇ. ಇದೆಲ್ಲ ಬ್ಯಾಕ್ಟೀರಿಯಾ ಆಟ ಇರಬಹುದಾ ಅಂತ ನೋಡಿದ್ರು. ಅದೂ ಅಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ನನಗೆ ರೋಮಾಂಚನ ಆಗಿದ್ದು ಇದಕ್ಕೆ ಅವರು ಕೊಟ್ಟ ವಿವರಣೆಯಲ್ಲಿ. ಹಾಲಲ್ಲಿ ಐಜಿಎ ಜಾಸ್ತಿ ಇದ್ದರೆ ಮರಿಯಲ್ಲಿ ಈ ಟಿ-ರೆಗ್ ಕಮ್ಮಿಯಾಗುತ್ತೆ. ಟಿ-ರೆಗ್ ಕಮ್ಮಿಯಾದರೆ ಐಜಿಎಗೆ ಲಗಾಮಿಲ್ಲ, ಅದು ಏರುತ್ತೆ. ಆ ಹೆಣ್ಣುಮರಿ ದೊಡ್ಡದಾಗಿ ಮರಿ ಹಾಕಿದಾಗ ಅದರ ಹಾಲಲ್ಲೂ ಐಜಿಎ ಜಾಸ್ತಿ, ಅದರ ಮರಿಗಳಲ್ಲಿ ಮತ್ತೆ ಟಿ-ರೆಗ್ ಕಮ್ಮಿ. ಪಕ್ಕಾ ಫೀಡ್‌ಬ್ಯಾಕ್ ಲೂಪ್! ಜೀನ್‌ನಲ್ಲಿ ಒಂದಕ್ಷರವೂ ಬದಲಾಗದೆ, ಅಜ್ಜಿಯ ಸೆಟ್ಟಿಂಗ್ ಮೊಮ್ಮಗಳ ಕರುಳಲ್ಲಿ ಕೂತಿರುತ್ತೆ.

ಹಾಗಂತ ‘ನನ್ನ ಹಾಲಿಂದ ಮಗುಗೆ ತೊಂದ್ರೆನಾ’ ಅಂತ ಯಾವ ತಾಯಿಯೂ ಗಾಬರಿಯಾಗಬೇಡಿ. ಇದು ಪ್ರಯೋಗಾಲಯದ ಇಲಿಗಳ ಲೆಕ್ಕ. ಐಜಿಎ ಇಲ್ಲಿ ವಿಲನ್ ಅಲ್ಲ, ಪುಟ್ಟ ಕರುಳಿಗೆ ಅದೇ ಮೊದಲ ಕಾವಲುಗಾರ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹಾಗೇ ಇದೆ. ನಮ್ಮ ಕೆಲವು ಮನೆಗಳಲ್ಲಿ ಇವತ್ತಿಗೂ ಆ ಮೊದಲ ಹಳದಿ ಹಾಲನ್ನು ‘ಕೆಟ್ಟ ಹಾಲು’ ಅಂತ ಹಿಂಡಿ ಚೆಲ್ಲಿ, ಮಗುವಿಗೆ ಜೇನು ನೆಕ್ಕಿಸ್ತಾರೆ. ಐಜಿಎ ಅತಿ ಹೆಚ್ಚು ಇರೋದೇ ಆ ಹಾಲಲ್ಲಿ.