ಕ್ರೀಡಾ ಸಾಧಕರಿಗೆ ರಾಜ್ಯ ಪ್ರಶಸ್ತಿಗಳು: ಗ್ರಾಮೀಣ ಕ್ರೀಡಾಪಟುಗಳ ಗಮನಕ್ಕೆ

ಹುಣಸೂರು ತಾಲ್ಲೂಕಿನ ಗುರುಪುರ ಹಾಗೂ ಸುತ್ತಲಿನ ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಕ್ಕಳಿಗೆ ಮೊದಲ ಸ್ಪರ್ಧೆ ಎಂದರೆ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟ. ಅಲ್ಲಿ ಗೆದ್ದವರು ತಾಲ್ಲೂಕು, ಜಿಲ್ಲೆ, ವಿಭಾಗ ಹಾಗೂ ರಾಜ್ಯ ಮಟ್ಟಕ್ಕೆ ಏರುತ್ತಾರೆ. ಈ ಹಾದಿಯಲ್ಲಿ ಮುಂದುವರಿದು ಸಾಧನೆಗೈದವರನ್ನೂ, ಅವರ ಬೆನ್ನಿಗೆ ನಿಂತವರನ್ನೂ ರಾಜ್ಯ ಸರ್ಕಾರವು ಹೇಗೆ ಗೌರವಿಸುತ್ತದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಪ್ರಶಸ್ತಿಗಳು

ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಸಾಧನೆ ತೋರಿದ ಕ್ರೀಡಾಪಟುಗಳಿಗೆ ಏಕಲವ್ಯ ಪ್ರಶಸ್ತಿಯನ್ನು ನೀಡಲಾಗುತ್ತದೆ. 2021ನೇ ಸಾಲಿನಲ್ಲಿ ಇದು ಏಕಲವ್ಯನ ಕಂಚಿನ ಪ್ರತಿಮೆ ಮತ್ತು 2 ಲಕ್ಷ ರೂಪಾಯಿ ನಗದನ್ನು ಒಳಗೊಂಡಿತ್ತು. ದೀರ್ಘಕಾಲ ಸೇವೆ ಸಲ್ಲಿಸಿದ ತರಬೇತುದಾರರಿಗೆ ಜೀವಮಾನ ಸಾಧನೆ ಪ್ರಶಸ್ತಿಯೂ, ಕ್ರೀಡೆಗೆ ಆಸರೆಯಾದ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿಯೂ ಇವೆ. ಪದಕವು ಒಬ್ಬರ ಕೊರಳಿಗೆ ಬಿದ್ದರೂ ಅದರ ಹಿಂದೆ ಹಲವರ ಶ್ರಮವಿರುತ್ತದೆ ಎಂಬುದೇ ಈ ವಿಂಗಡಣೆಯ ಆಶಯವಾಗಿದೆ.

ಗ್ರಾಮೀಣ ಕ್ರೀಡೆಗಳ ಸ್ಥಾನ

ಕುಸ್ತಿ, ಕಬಡ್ಡಿ, ಖೋ-ಖೋ, ಬಾಲ್ ಬ್ಯಾಡ್ಮಿಂಟನ್, ಮಲ್ಲಕಂಬ, ಕಂಬಳ, ಗುಂಡು ಎತ್ತುವುದು ಮೊದಲಾದ ಆಟಗಳ ಸಾಧಕರಿಗೆ ಕರ್ನಾಟಕ ಕ್ರೀಡಾ ರತ್ನ ಪ್ರಶಸ್ತಿಯು ಮೀಸಲಾಗಿದೆ. ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲದ ಆಟವನ್ನು ಆಡಿದ ಮಾತ್ರಕ್ಕೆ ಯಾರೂ ಗೌರವದಿಂದ ವಂಚಿತರಾಗಬಾರದಷ್ಟೆ.

ಮೈಸೂರು ಜಿಲ್ಲೆಗೆ ಇಂತಹ ಗೌರವ ಹೊಸದಲ್ಲ. ದಸರಾ ಕುಸ್ತಿಯಲ್ಲಿ ಗೆದ್ದ ಪೈಲ್ವಾನರಿಗೆ 'ದಸರಾ ಕೇಸರಿ', 'ದಸರಾ ಕಂಠೀರವ' ಮುಂತಾದ ಬಿರುದುಗಳನ್ನು ನೀಡಲಾಗುತ್ತದೆ. ಈ ಪಂದ್ಯಗಳು ನಡೆಯುವ ಕ್ರೀಡಾಂಗಣಕ್ಕೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಮಾಜಿ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಹೆಸರನ್ನಿಡಲಾಗಿದೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದ ಭಾರತ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಅವರಿದ್ದರು. ಹಳ್ಳಿಯ ಅಂಗಳದ ಆಟವೂ ವಿಶ್ವಮಟ್ಟವನ್ನು ಮುಟ್ಟಬಲ್ಲದು ಎಂಬುದಕ್ಕೆ ಇದೇ ನಿದರ್ಶನ.

ದಾಖಲೆಗಳ ಮಹತ್ವ

ಪ್ರಶಸ್ತಿಗೆ ಆಯ್ಕೆಯು ದಾಖಲೆಗಳ ಆಧಾರದ ಮೇಲೆ ನಡೆಯುತ್ತದೆಯೇ ಹೊರತು ಊರಿನವರ ನೆನಪಿನ ಮೇಲಲ್ಲ. ಮಳೆಯಲ್ಲಿ ನೆನೆದು ಹಾಳಾದ ಒಂದು ಪ್ರಮಾಣಪತ್ರದಿಂದ ಅರ್ಹರೊಬ್ಬರ ಹಲವು ವರ್ಷಗಳ ಸಾಧನೆ ಲೆಕ್ಕಕ್ಕೆ ಬಾರದೆ ಹೋಗಬಹುದು. ಆದುದರಿಂದ ಪ್ರತಿ ಕ್ರೀಡಾಕೂಟದ ಪ್ರಮಾಣಪತ್ರವನ್ನು ಅಂದೇ ಪಡೆದು, ಅದರಲ್ಲಿ ಹೆಸರು, ದಿನಾಂಕ, ಸ್ಪರ್ಧೆಯ ಮಟ್ಟ ಮತ್ತು ಪಡೆದ ಸ್ಥಾನ ಸರಿಯಾಗಿ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಶಾಲಾ ದಾಖಲೆಯ ಹೆಸರಿಗೂ ಪ್ರಮಾಣಪತ್ರದ ಹೆಸರಿಗೂ ವ್ಯತ್ಯಾಸವಿದ್ದಲ್ಲಿ ಕೂಡಲೇ ತಿದ್ದಿಸಿಕೊಳ್ಳತಕ್ಕದ್ದು.

ತರಬೇತುದಾರರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸಂಜೆಯ ಹೊತ್ತು ಮಕ್ಕಳಿಗೆ ಆಟ ಕಲಿಸಿದ ದೈಹಿಕ ಶಿಕ್ಷಣ ಶಿಕ್ಷಕರಾಗಲಿ, ಗರಡಿಮನೆಯ ಉಸ್ತಾದರಾಗಲಿ ತಮ್ಮ ಸೇವೆಗೆ ತಾವೇ ಪುರಾವೆ ಕೂಡಿಡುವುದು ವಿರಳ. ಅವರ ಕೈಯಲ್ಲಿ ಪಳಗಿದವರ ಹೆಸರು ಮತ್ತು ಸಾಧನೆಗಳ ಪಟ್ಟಿಯನ್ನು ಶಿಷ್ಯರೇ ಸಿದ್ಧಪಡಿಸಿ ಇಟ್ಟುಕೊಂಡಲ್ಲಿ ಗುರುವಿಗೆ ಸಲ್ಲಬೇಕಾದ ಗೌರವ ಸಲ್ಲಲು ದಾರಿಯಾಗುತ್ತದೆ.

ಅರ್ಜಿ ಆಹ್ವಾನಿಸಿದಾಗ ಪ್ರಕಟಣೆಯನ್ನು ಗಮನಿಸಿ, ಅರ್ಹತೆ ಹಾಗೂ ಕೊನೆಯ ದಿನಾಂಕದ ವಿವರಗಳಿಗಾಗಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.